ಹಸಿರು ಚೀಟಿಯ ವೀರಭದ್ರಪ್ಪನ ಹೆಬ್ಬೆರಳ ಪರ್ವ

ಫೋನಿನ ನೆತ್ತಿಯ ಬಲಮೂಲೆಯಲ್ಲಿ ನಾಲ್ಕು ಕಡ್ಡಿಗಳ ರೂಪದಿಂದ ನೆಲೆಸಿರುವ, ಲಿಫ್ಟಿನೊಳಗೆ ಅಂತರ್ಧಾನಳಾಗಿ ಮಾಳಿಗೆಯ ಮೇಲೆ ಪ್ರತ್ಯಕ್ಷಳಾಗುವ, ಭಕ್ತರನ್ನು ಮಾತಿನ ನಟ್ಟನಡುವೆ "ಹಲೋ, ಹಲೋ" ಎಂದು ಅಂಗಲಾಚಿಸುವ ಹೇ ಸಂಕೇತದೇವಿ, ಈ ಕಥೆ ದಡ ಸೇರುವ ತನಕ ನನ್ನ ಕೈ ಬಿಡಬೇಡ ತಾಯಿ! ನಾನು ಹಾಡಹೊರಟಿರುವುದು ಸಾಮಾನ್ಯ ಸಮರವಲ್ಲ. ಎದುರುಮನೆಯವನ ಹೆಸರು ತಿಳಿಯದ, ಆದರೆ ಸಪ್ತಸಾಗರದಾಚೆಯ ಅಪರಿಚಿತನ ಹುದ್ದೆ, ಪದವಿ, ಪ್ರಶಸ್ತಿಗಳೆಲ್ಲ ಕಂಠಪಾಠವಾಗಿರುವ ಯುಗವೊಂದರಲ್ಲಿ. ವೃತ್ತಿಬಾಂಧವರ ಜಾಲತಾಣವೆಂಬ ಮಹಾಸಂತೆಯಲ್ಲಿ ಪ್ರತಿಯೊಬ್ಬನೂ ಮತ್ತೊಬ್ಬನ ಬೆನ್ನು ತಟ್ಟಿ "ಅಭಿನಂದನೆಗಳು" ಎಂದು ಕೂಗುತ್ತಿದ್ದ ಕಾಲದಲ್ಲಿ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ, ಒಂದು ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಮಹಾನಂದಾ ಹಡಪದ ಎಂಬ ಹೆಣ್ಣುಮಗಳ ಒಂಬತ್ತು ವರ್ಷದ ನೌಕರಿ ಒಬ್ಬನ ಹೆಬ್ಬೆರಳಿನ ಕೆಳಗೆ ಸಿಕ್ಕಿ ಒದ್ದಾಡಿದ ಕಥೆಯಿದು. ಹೆಬ್ಬೆರಳು ಯಾರದೆಂದು ಈಗಲೇ ಕೇಳಬೇಡಿ. ಹೇಳುತ್ತೇನೆ, ತಡೆಯಿರಿ.

ಆ ಪ್ರದೇಶದಲ್ಲಿ ಶ್ರೀ ಕಲ್ಮೇಶ್ವರ ವಾಲ್ವ್ ಕಾರ್ಖಾನೆಯೆಂಬುದೊಂದು ದುರ್ಗ. ನೀರಿನ ಪೈಪುಗಳಿಗೆ ಕೂಡಿಸುವ ಕಬ್ಬಿಣದ ವಾಲ್ವುಗಳು ಅಲ್ಲಿ ಜನ್ಮ ತಳೆಯುತ್ತವೆ. ಆ ದುರ್ಗದ ದ್ವಾರಪಾಲಕ, ಗುಣಮಟ್ಟ ವಿಭಾಗದ ಮುಖ್ಯಸ್ಥ, ಮೂಗಿನ ಮೇಲೊಂದು ಹಣೆಯ ಮೇಲೊಂದು ಎಂಬಂತೆ ಕನ್ನಡಕದ್ವಯಧಾರಿ, ಕ್ಯಾಲಿಪರ್-ಮಾಪಕ-ಕರಶೋಭಿತ, ಕೂದಲೆಳೆ-ದೋಷ-ಸಂಹಾರಕ, ಸಪ್ಲಾಯರ್-ಹೃದಯ-ಕಂಪನ, ಹರಿತಚೀಟಿ-ಪ್ರದಾನ-ಧುರಂಧರ ವೀರಭದ್ರಪ್ಪ ಬ್ಯಾಹಟ್ಟಿ! ಇಪ್ಪತ್ತೆಂಟು ವರ್ಷಗಳಿಂದ ಆತನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಬಾಗಿಲನ್ನು ಕಾದಿದ್ದಾನೆ. ಆತನ ಮೇಜಿನ ಹಿಂದಿನ ಗೋಡೆಯ ಮೇಲೆ ಆತನೇ ಬರೆಸಿದ ಶಾಸನವಿದೆ: "ನೋಡದೆ ಪಾಸ್ ಇಲ್ಲ."

ಈ ದುರ್ಗದ ಒಂದು ರೂಢಿಯನ್ನು ನೀವು ಅರಿಯಬೇಕು, ಇಲ್ಲದಿದ್ದರೆ ಮುಂದಿನ ಅನಾಹುತ ತಿಳಿಯುವುದಿಲ್ಲ. ಸರಿಯಿದ್ದ ಮಾಲಿಗೆ ವೀರಭದ್ರಪ್ಪ ಹಸಿರು ಚೀಟಿ ಅಂಟಿಸುತ್ತಾನೆ, ಕೆಟ್ಟದ್ದಕ್ಕೆ ಕೆಂಪು. ಒಮ್ಮೆ ಹಸಿರು ಅಂಟಿತೆಂದರೆ ಆ ಮಾಲನ್ನು ಮತ್ತೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಸ್ಟೋರಿನವರು ನೋಡುವುದಿಲ್ಲ, ಜೋಡಣೆಯವರು ನೋಡುವುದಿಲ್ಲ, ಪ್ಯಾಕಿಂಗಿನವರಂತೂ ಡಬ್ಬಿಯೊಳಗೆ ವಾಲ್ವಿದೆಯೋ ಒಳಕಲ್ಲಿದೆಯೋ ಎಂದೂ ನೋಡುವುದಿಲ್ಲ. "ಬ್ಯಾಹಟ್ಟಿ ಸರದ್ದು ಹಸರ ಐತಿ" ಅಂದರೆ ಮುಗಿಯಿತು, ಬ್ರಹ್ಮ ಬಂದರೂ ಮರುತಪಾಸಣೆಯಿಲ್ಲ. ಮತ್ತೊಂದು ಸಂಗತಿ. ಆ ಮಾಲನ್ನು ಅಳೆಯುವವಳು ಸಹಾಯಕಿ ಮಹಾನಂದಾ, ಚೀಟಿ ಅಂಟಿಸುವವನು ವೀರಭದ್ರಪ್ಪ. ಸಹಾಯಕರಿಗೆ ಚೀಟಿಯ ಅಧಿಕಾರವಿಲ್ಲವೆಂಬ ನಿಯಮ ಬರೆದವನೂ ಆತನೇ.

ಅಂದು ಊಟದ ಹೊತ್ತು ಮುಗಿದು, ರೊಟ್ಟಿ-ಝುಣಕದ ತೃಪ್ತಿ ಇನ್ನೂ ಕಣ್ಣ ರೆಪ್ಪೆಗಳ ಮೇಲೆ ಕುಳಿತಿರಲು, ಸ್ಟೋರಿನ ಅಧಿಪತಿ ಇಮಾಂಸಾಬ ನದಾಫನು ಕ್ಯಾಂಟೀನಿನಲ್ಲಿ ವೀರನ ಎದುರು ಬಂದು ಕುಳಿತನು.

"ಸರ, ಇವ ಯಾರ ಪೈಕಿ ಅಂತ ಸ್ವಲ್ಪ ನೋಡ್ರಿ," ಎಂದು ಫೋನು ಚಾಚಿದನು. "ವಿದೇಶದಾಗ ವಾಲ್ವ್ ಕಂಪನಿ ಅಂತ. ನನಗ ಅಲ್ಲಿ ಸ್ಟೋರ್ ಮ್ಯಾನೇಜರ್ ಮಾಡ್ತೀನಿ ಅಂತಾನ. ಆಧಾರ್, ಪಾನ್ ಎರಡೂ ಫೋಟೋ ಹೊಡದು ಕಳಸು, ವೀಸಾ ಫೈಲಿಗೆ ಸ್ವಲ್ಪ ಫೀ ಹಾಕು ಅಂತಾನ. ನನಗ್ಯಾಕೋ ಅನುಮಾನ."

ವೀರಭದ್ರಪ್ಪ ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿ ನೋಡಿದನು. ಪರದೆಯ ಮೇಲೆ, ಬಿಳಿಯ ಹೆಲ್ಮೆಟ್ಟು ಧರಿಸಿ, ಎದೆಯ ಮೇಲೆ ಕೈಕಟ್ಟಿ, ಹಲ್ಲು ಬಿಟ್ಟುಕೊಂಡು ನಿಂತಿದ್ದನು ಅಡ್ರಿಯನ್ ಮಲ್ಹೋತ್ರಾ, ನಾರ್ಡ್‌ವಾಲ್ ಫ್ಲೋ ಸಿಸ್ಟಮ್ಸ್ ಎಂಬ ಮಹಾಸಂಸ್ಥೆಯ ಜಾಗತಿಕ ಪ್ರತಿಭಾನ್ವೇಷಣಾಧ್ಯಕ್ಷ. ಆತನ ಬೆನ್ನ ಹಿಂದೆ ಒಂದು ಪಂಪು, ಪಂಪಿನ ಬಾಯಿಗೊಂದು ವಾಲ್ವು. ಹೊರಗೆ ಹೋದ ನೀರು ಹಿಂದಕ್ಕೆ ಬಾರದಂತೆ ತಡೆಯುವ ಜಾತಿಯದು. ಅಂಥ ವಾಲ್ವಿನ ಮೈಮೇಲೆ ನೀರು ಹೋಗುವ ದಿಕ್ಕಿನ ಬಾಣವೊಂದು ಎರಕದಲ್ಲೇ ಮೂಡಿರುತ್ತದೆ, ಅದು ಪಂಪಿನಿಂದ ಆಚೆಗೆ ಮುಖ ಮಾಡಿರಬೇಕು. ಚಿತ್ರದ ಬಾಣವು ಪಂಪಿನ ಕಡೆಗೇ ಮುಖ ಮಾಡಿತ್ತು!

"ಬಾಣ ಉಲ್ಟಾ ಐತಿ!" ಎಂದನು ವೀರಭದ್ರಪ್ಪ. ಆ ಧ್ವನಿಗೆ ಚಹಾದ ಮೇಲಿನ ಕೆನೆ ಸುಕ್ಕುಗಟ್ಟಿತು. "ಹಿಂಗ ಕೂಡಿಸಿದ್ರ ಒಂದು ಹನಿ ನೀರು ಮುಂದ ಹೋಗೂದಿಲ್ಲ. ವಾಲ್ವ್ ಕಂಪನಿ ಸಾಹೇಬ ಇದರ ಮುಂದ ನಿಂತು ಹಲ್ಲು ಕಿಸೀತಾನ? ನದಾಫ, ಇವ ಖೋಟಾ. ನೂರಕ್ಕ ನೂರು ಖೋಟಾ!"

"ಹಂಗಾದ್ರ ನಮ್ಮ ಮಂದಿ ಹತ್ತು ಜನ ಇವನ ಜೋಡಿ ಕನೆಕ್ಟ್ ಆಗ್ಯಾರಲ್ರೀ?"

ಆಗ ವೀರನು ಎದ್ದು ನಿಂತನು. ಎಡಗೈಯಲ್ಲಿ ಬಶಿ, ಬಲಗೈಯಲ್ಲಿ ಕಪ್ಪು, ಗರ್ಜಿಸಿದನು: "ಎಲೈ ನದಾಫ, ಕೇಳು! ಕೂದಲೆಳೆಯ ಹತ್ತರಲ್ಲೊಂದು ಪಾಲಿನ ಊನವನ್ನೂ ಒಳಬಿಡದ ಈ ವೀರಭದ್ರನು ಬದುಕಿರುವಾಗ, ಈ ದುರ್ಗದ ಹೆಬ್ಬಾಗಿಲನ್ನು ಶತ್ರುವಿಗೆ ತೆರೆದ ಆ ಕುಲಗೇಡಿ ಯಾರು? ಮೊಟ್ಟಮೊದಲು ಈ ಮಾಯಾವಿಯನ್ನು ಒಪ್ಪಿಕೊಂಡ ಆ ಅಂಧ, ಆ ಪ್ರಮತ್ತ, ಆ ತಪಾಸಣಾದ್ರೋಹಿಯನ್ನು ಹುಡುಕಿ, ಅವನ ಹೆಸರಿನ ಮೇಲೆ ಕೆಂಪು ಚೀಟಿ ಬರೆದು ನೋಟೀಸ್ ಬೋರ್ಡಿಗೆ ಹಚ್ಚದಿದ್ದರೆ, ಈ ಕ್ಯಾಲಿಪರನ್ನು ಉಣಕಲ್ ಕೆರೆಗೆ ಎಸೆದು ಮನೆಗೆ ಹೋಗುವೆನು!"

ಸುಳ್ಳೇಕೆ ಹೇಳಲಿ? ಆತ ಆಡಿದ್ದು ಇಷ್ಟೇ: "ಯಾವ ಮಗಾ ಇವನ್ನ ಒಳಗ ಬಿಟ್ಟಾನ, ನೋಡೇ ಬಿಡ್ತೀನಿ. ಕೆಂಪು ಚೀಟಿ ಹಚ್ಚತೀನಿ ಅವಂಗ." ಉಳಿದದ್ದು ನಾನು ಹಿಗ್ಗಿಸಿದ್ದು. ಕಥೆ ಹೇಳುವವನ ಕಸುಬೇ ಅದು, ಹೊಟ್ಟೆಪಾಡು. ಆದರೆ ಕ್ಯಾಂಟೀನಿನ ಎಲ್ಲರೂ ಆ ಪ್ರತಿಜ್ಞೆಯನ್ನು ಕೇಳಿದರು, ಅದಂತೂ ನಿಜ.

ಮೊದಲ ಮುತ್ತಿಗೆ ನದಾಫನ ಮೇಲೆಯೇ ಆಯಿತು. "ನೀ ಯಾಕ ಒಪ್ಪಿಕೊಂಡಿ?"

"ಡಿಸೈನಿನ ಕಟ್ಟಿಯವರ ಹೆಸರು ಕಾಣಿಸ್ತು, ಒತ್ತಿದೆ," ಎಂದು ನದಾಫ ಕೈ ತೊಳೆದುಕೊಂಡನು.

ಅಲ್ಲಿಂದ ವೀರನ ದಂಡಯಾತ್ರೆ ಹೊರಟಿತು. ಲೇತ್ ಯಂತ್ರಗಳ ಘೋರಾರಣ್ಯವನ್ನು ದಾಟಿ, ಎಣ್ಣೆ ಚೆಲ್ಲಿದ ನೆಲವೆಂಬ ವೈತರಣಿಯನ್ನು ಪ್ಯಾಂಟು ಎತ್ತಿ ಹಿಡಿದು ಉತ್ತರಿಸಿ, ಮೂವತ್ತೆರಡು ಮೆಟ್ಟಿಲುಗಳ ಪರ್ವತವನ್ನೇರಿ, ಮಂಡಿನೋವನ್ನು ಲೆಕ್ಕಿಸದೆ, ಆತನು ಡಿಸೈನ್ ವಿಭಾಗದ ಎ.ಸಿ.ಯ ಹಿಮಾಲಯವನ್ನು ಪ್ರವೇಶಿಸಿದನು. ಕಟ್ಟಿಯವರು ಕಂಪ್ಯೂಟರಿನಿಂದ ಮುಖ ತಿರುಗಿಸದೆಯೇ ಉತ್ತರಿಸಿದರು.

"ನಿಮ್ಮ ಮಹಾನಂದಾ ಒಪ್ಪಿಕೊಂಡಿದ್ಲಲ್ರೀ. ಆಕಿ ಎಷ್ಟು ಚೊಕ್ಕ ನೋಡ್ತಾಳ ಅಂತ ನಿಮಗಽ ಗೊತ್ತು. ಅದಕ್ಕ ನಾ ಮತ್ತ ನೋಡಲಿಲ್ಲ."

ಮಹಾನಂದಾ! ತನ್ನದೇ ವಿಭಾಗ, ತನ್ನದೇ ಸಹಾಯಕಿ, ತನ್ನದೇ ಮೇಜಿನ ಎದುರು ಮೇಜು. ವೀರನಿಗೆ ಸಿಟ್ಟೂ ಬಂತು, ಒಳಗೊಳಗೆ ಒಂದಿಷ್ಟು ಸಮಾಧಾನವೂ ಆಯಿತು. ದೊಡ್ಡವರ ಸಮಾಧಾನವೇ ಹಾಗೆ, ತಪ್ಪು ಕೆಳಗಿನವರ ಕಡೆಗೆ ಹರಿದುಹೋದರೆ ಉಂಡ ಅನ್ನ ಮೈಗೆ ಹತ್ತುತ್ತದೆ. ಮೆಟ್ಟಿಲು ಇಳಿಯುವಾಗ ಕೆಂಪು ಚೀಟಿಯ ಒಕ್ಕಣೆಯನ್ನೂ ಮನಸ್ಸಿನಲ್ಲೇ ಬರೆದು ಮುಗಿಸಿದನು. ಗಡಿಯಾರದಲ್ಲಿ ಮೂರೂ ಇಪ್ಪತ್ತು.

ಮಹಾನಂದಾ ತನ್ನ ಮೇಜಿನ ಮುಂದೆ ನಿಂತು ಒಂದು ಕಾಗದಕ್ಕೆ ಸಹಿ ಹಾಕುತ್ತಿದ್ದಳು. ಮೇಜು ಎಂದಿನಂತಿರಲಿಲ್ಲ. ಅವಳ ಊಟದ ಡಬ್ಬಿ, ಮಗಳು ಬಿಡಿಸಿದ ನವಿಲಿನ ಚಿತ್ರ, ಕೈವಸ್ತ್ರ, ಎಲ್ಲವೂ ಒಂದು ಕೈಚೀಲದೊಳಗೆ ಸೇರಿದ್ದವು. ಕಾಗದದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ "ರಾಜೀನಾಮೆ" ಎಂದಿತ್ತು.

"ಏನಿದು?" ಎಂದನು ವೀರಭದ್ರಪ್ಪ.

"ನಿಮಗ ಹೇಳಬೇಕಂತಽ ಇದ್ದೆ ಸರ. ವಿದೇಶದ ಕಂಪನಿಯೊಳಗ ಕೆಲಸ ಸಿಕ್ಕೇತಿ. ಗುಣಮಟ್ಟ ವಿಭಾಗದ ಹೆಡ್ ಅಂತ." ಅವಳ ಮುಖ ಬೆಳಗಿತ್ತು, ಧ್ವನಿ ಮಾತ್ರ ಹೆದರಿತ್ತು. "ಎಚ್.ಆರ್. ಮೇಡಂ ನಾಕಕ್ಕ ಹೋಗ್ತಾರ. ಅದರೊಳಗ ಇದನ್ನ ಕೊಟ್ಟು, ಸಹಿ ಮಾಡಿದ ನಕಲು, ಆಧಾರ್, ಪಾನ್ ಎಲ್ಲಾ ಸಂಜಿಯೊಳಗ ಕಳಸಬೇಕಂತ. ಇಲ್ಲಾಂದ್ರ ಬ್ಯಾರೆಯವರಿಗೆ ಹೋಗತೈತಿ."

"ಯಾರು ಹೇಳಿದ್ರು?"

"ಅಡ್ರಿಯನ್ ಸರ."

ವೀರನು ಗಡಿಯಾರದ ಕಡೆಗೆ ತಿರುಗಿ ನೋಡಿದನು. ಒಂಬತ್ತು ವರ್ಷದ ನೌಕರಿ ಇನ್ನು ನಲವತ್ತು ನಿಮಿಷದಲ್ಲಿ ಗಾಳಿಗೆ ಹೋಗಲಿದೆ! "ಕೊಡಬ್ಯಾಡ. ಅಂವ ಖೋಟಾ ಮನಶಾ. ಹರದು ಹಾಕು ಅದನ್ನ."

ಮಹಾನಂದಾ ಕಾಗದವನ್ನು ಎದೆಗೆ ಒತ್ತಿಕೊಂಡಳು. ಕೇಳುಗರೇ, ಮದಗಜವನ್ನು ತಡೆದ ವೀರರಿದ್ದಾರೆ, ಉಕ್ಕಿದ ಹೊಳೆಯನ್ನು ತಡೆದವರೂ ಇದ್ದಾರು, ಆದರೆ ಬಿಟ್ಟು ಹೋಗುತ್ತೇನೆಂದು ಒಮ್ಮೆ ನಿರ್ಧರಿಸಿದ ಉದ್ಯೋಗಿಯನ್ನು ಅವಳ ಸಾಹೇಬನೇ ತಡೆಯುವುದು ಯಾವ ಯುಗದಲ್ಲೂ ನಡೆದಿಲ್ಲ.

"ನಾ ಹೊಂಟೀನಿ ಅಂದ ಕೂಡಲೇ ಖೋಟಾ ಆತೇನ್ರಿ?" ಎಂದಳು ಅವಳು. "ಒಂಬತ್ತು ವರ್ಷ ಆತು ಸರ. ಮೂರು ಸಲ ಪ್ರಮೋಷನ್ ಕೇಳಿದೆ. 'ನೋಡೋಣು' ಅಂದ್ರಿ. ಒಂದು ಹಸರ ಚೀಟಿ ಸೈತ ನನ್ನ ಕೈಲಿಂದ ಹಚ್ಚಿಸಲಿಲ್ಲ. ಅಲ್ಲಿ ನನ್ನ ಹೆಸರಿನ ಚೀಟಿ ಪ್ರಿಂಟ್ ಮಾಡಸ್ತಾರಂತ. ಅದನ್ನ ಕೇಳಿ ನಾ ರಾತ್ರೆಲ್ಲಾ ನಿದ್ದಿ ಮಾಡಿಲ್ಲ."

"ಅದಲ್ಲವ್ವಾ, ಅಂವ ನಿಜಕ್ಕೂ..."

"ಅಂವ ಖೋಟಾ ಇದ್ರ ನೀವಽ ಯಾಕ ಪಾಸ್ ಮಾಡಿದ್ರಿ?"

"ನಾನಾ?"

ಅವಳು ಫೋನು ತೆಗೆದಳು. ಮೂರು ವಾರದ ಹಿಂದಿನ ಸೋಮವಾರದ ದಿನವದು. ಜಾಲತಾಣವು ಲೋಕಕ್ಕೆಲ್ಲ ಡಂಗುರ ಸಾರಿತ್ತು: ವೀರಭದ್ರಪ್ಪ ಬ್ಯಾಹಟ್ಟಿಯವರಿಗೆ ಒಂದೇ ಸಂಸ್ಥೆಯಲ್ಲಿ ಇಪ್ಪತ್ತೆಂಟು ವರ್ಷ! ಅದರ ಕೆಳಗೆ ತೊಂಬತ್ತನಾಲ್ಕು ಅಭಿನಂದನೆಗಳು. ಅವುಗಳ ನಡುವೆ ಅಡ್ರಿಯನ್ ಮಲ್ಹೋತ್ರಾ ಬರೆದಿದ್ದನು: "ನೀವು ವ್ಯಕ್ತಿಯಲ್ಲ, ಗುಣಮಟ್ಟದ ಗುರುಪೀಠ." ಅದರ ಕೆಳಗೆ, ಜಗತ್ತೆಲ್ಲ ನೋಡುವಂತೆ, ವೀರಭದ್ರಪ್ಪನ ಉತ್ತರ: "ಧನ್ಯವಾದಗಳು ಅಡ್ರಿಯನ್ ಸರ್. ನಿಮ್ಮಂಥವರ ಪರಿಚಯ ನಮ್ಮ ಭಾಗ್ಯ."

"ಇದನ್ನ ನೋಡಿ ನಾ ಒಪ್ಪಿಕೊಂಡೆ," ಎಂದಳು ಮಹಾನಂದಾ. "ಬ್ಯಾಹಟ್ಟಿ ಸರ ಭಾಗ್ಯ ಅಂದಾರ ಅಂದ ಮ್ಯಾಲ ನಾ ಯಾಕ ನೋಡ್ಲಿ? ಈ ಕಾರ್ಖಾನೆಯೊಳಗ ಯಾರರ ನೋಡ್ತಾರೇನ್ರಿ?"

ಅಯ್ಯೋ ಬೇಲಿಯೇ! ನೀನೇ ಎದ್ದು ಹೊಲ ಮೇಯ್ದೆಯಲ್ಲೋ! ವೀರನ ಕಣ್ಣ ಮುಂದೆ ಆ ಸೋಮವಾರ ಬಂದು ನಿಂತಿತು. ಆತ ಚಹಾ ಕುಡಿಯುತ್ತ ಕುಳಿತಿದ್ದ. ಫೋನು ಟಿಂಗ್ ಟಿಂಗ್ ಎನ್ನುತ್ತಿತ್ತು. ಮದುವೆ ಮನೆಯಲ್ಲಿ ಅಕ್ಷತೆ ಎರಚಿದ ಹಾಗೆ ಆತನ ಹೆಬ್ಬೆರಳು ಆಕ್ಸೆಪ್ಟ್, ಆಕ್ಸೆಪ್ಟ್, ಆಕ್ಸೆಪ್ಟ್ ಎಂದು ಒತ್ತುತ್ತ ಹೋಗಿತ್ತು. ಗುರುಪೀಠವೆಂಬ ಶಬ್ದವನ್ನು ಹೆಂಡತಿಗೂ ಓದಿ ಹೇಳಿದ್ದ, ಬರೆದವನ ಹೆಸರು ಮಾತ್ರ ಮರುದಿನವೇ ಮರೆತುಹೋಗಿತ್ತು. ಬಾಣವಿತ್ತು, ಪಂಪಿತ್ತು, ಹೆಲ್ಮೆಟ್ಟಿತ್ತು, ಎಲ್ಲವೂ ಅಂದೂ ಅಲ್ಲೇ ಇದ್ದವು. ಆತ ನೋಡಿರಲಿಲ್ಲ.

ಈಗ ವೀರನ ಮುಂದೆ ಎರಡು ದಾರಿಗಳಿದ್ದವು. ಹಿಂದಕ್ಕೆ ಸರಿದು, ಗುಟ್ಟಾಗಿ ಆ ಉತ್ತರವನ್ನು ಅಳಿಸಿ, ತಪ್ಪನ್ನು ಮಹಾನಂದಾಳ ಹೆಸರಿನಲ್ಲೇ ಬಿಟ್ಟುಬಿಡಬಹುದಿತ್ತು. ನದಾಫ, ಕಟ್ಟಿ ಇಬ್ಬರೂ ನಂಬುತ್ತಿದ್ದರು. ಆದರೆ ಆಗ ಈಕೆ ನಂಬುವುದಿಲ್ಲ, ನಾಲ್ಕಕ್ಕೆ ಆ ಕಾಗದವನ್ನು ಕೊಟ್ಟೇ ಕೊಡುತ್ತಾಳೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಪ್ಪತ್ತೆಂಟು ವರ್ಷದ ಮಾನ ಒಂದು ಚಹಾದ ಹೊತ್ತಿಗೆ ಹೋಗಿತ್ತು, ಉಳಿದಿದ್ದದ್ದು ಅದನ್ನು ಒಪ್ಪಿಕೊಳ್ಳುವುದೊಂದೇ.

ಈ ಘಟ್ಟಕ್ಕೆಂದು ನಾನೊಂದು ಭಾಷಣವನ್ನು ಹೊಸೆದು ಇಟ್ಟಿದ್ದೆ. ಪಶ್ಚಾತ್ತಾಪಾಗ್ನಿ, ಕೀರ್ತಿಶರೀರ, ಸತ್ಯವ್ರತ ಎಲ್ಲವೂ ಅದರಲ್ಲಿದ್ದವು. ಆದರೆ ವೀರನು ಆಡಿದ್ದು ಇಷ್ಟು:

"ನಾ ನೋಡಲಿಲ್ಲ ತಂಗಿ. ನೋಡದಽ ಒತ್ತಿದೆ."

ಇದನ್ನು ಎಷ್ಟು ಎಳೆದರೂ ಹಿಗ್ಗಲಿಲ್ಲ. ಹಾಗೇ ಇಟ್ಟಿದ್ದೇನೆ.

ಮಹಾನಂದಾ ಅವನ ಮುಖವನ್ನೇ ನೋಡಿದಳು. ಅವನು ತನ್ನ ಕ್ಯಾಲಿಪರನ್ನು ಪಕ್ಕಕ್ಕಿಟ್ಟು, ಅಡ್ರಿಯನ್ನನ ಚಿತ್ರ ತೆರೆದ ತನ್ನ ಫೋನನ್ನು ಅವಳ ಮುಂದಿಟ್ಟನು. "ನಾ ಹೇಳಿದ್ದನ್ನ ನಂಬಬ್ಯಾಡ. ನೀನಽ ತಪಾಸಣೆ ಮಾಡು. ಹೊಸಾ ಸಪ್ಲಾಯರ್ ಮಾಲು ಬಂದೇತಿ ಅಂತ ತಿಳಕೋ. ಪಾಸ್ ಅಂದ್ರ ನಾನಽ ನಿನ್ನ ಕಾಗದ ಎಚ್.ಆರ್. ಮೇಡಂಗ ಕೊಟ್ಟು ಬರ್ತೀನಿ."

ಅವಳು ಕುಳಿತಳು. ಕುಳಿತ ಮೇಲೆ ಅವಳು ರಾಜೀನಾಮೆ ಬರೆದ ಹೆಂಗಸಾಗಿ ಉಳಿಯಲಿಲ್ಲ, ಅಳತೆಯವಳಾದಳು. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು, ಮೂಲೆಯಿಂದ ಮೂಲೆಗೆ ಕಣ್ಣು ಹಾಯಿಸಿದಳು. ಅರ್ಧ ನಿಮಿಷವೂ ಆಗಿರಲಿಲ್ಲ.

"ಬಾಣ," ಎಂದಳು.

ವೀರಭದ್ರಪ್ಪ ತಲೆಯಾಡಿಸಿದನು.

"ಹೆಲ್ಮೆಟ್ಟಿನ ನೆರಳು ಒಂದು ಕಡೆ, ಪಂಪಿನ ನೆರಳು ಮತ್ತೊಂದು ಕಡೆ. ಮನಶಾನ್ನ ತಂದು ಅಂಟಿಸ್ಯಾರ." ಬೆರಳು ಮುಂದೆ ಸರಿಯಿತು. "ಈ ಖಾತೆ ಹುಟ್ಟಿ ಎರಡು ತಿಂಗಳಾತು. ಇಪ್ಪತ್ತು ವರ್ಷದ ಅನುಭವ ಅಂತ ಬರದಾನ, ಹಳೇ ಜೋಡಿದಾರ ಒಬ್ಬರೂ ಇಲ್ಲ. ಇದ್ದವರೆಲ್ಲಾ ನಾವಽ." ಕಂಪನಿಯ ಹೆಸರು ಹುಡುಕಿದಳು. "ಕಂಪನಿ ವೆಬ್‌ಸೈಟಽ ಇಲ್ಲ. ಮೇಲ್ ಬಂದಿದ್ದು ಕಂಪನಿ ವಿಳಾಸದಿಂದ ಅಲ್ಲ, ಯಾರು ಬೇಕಾದವರು ಪುಕ್ಕಟೆ ತಗೀಬಹುದು ಅಂಥಾದ್ದು." ಅವಳ ಧ್ವನಿ ಸಣ್ಣದಾಯಿತು. "ಇಂಟರ್‌ವ್ಯೂ ಸೈತ ಮಾಡಿಲ್ಲ ಸರ. ಅಲ್ಲಾ, ಒಂದು ಪ್ರಶ್ನೆನಾದ್ರೂ ಕೇಳಬೇಕಿತ್ತಲ್ಲ ನನಗ..."

ಕೈಚೀಲದ ನವಿಲು ಅವಳನ್ನೇ ನೋಡುತ್ತಿತ್ತು. ಅವಳು ರಾಜೀನಾಮೆಯನ್ನು ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ, ಆಮೇಲೆ ಹರಿದಳು. ಕಣ್ಣಲ್ಲಿ ನೀರು ಬಂದಿತ್ತು. ದುಃಖಕ್ಕಿಂತ ಸಿಟ್ಟೇ ಜಾಸ್ತಿಯಿತ್ತು.

"ಒಂಬತ್ತು ವರ್ಷ ನಾ ಅಳದಿದ್ದಕ್ಕ ನೀವು ಚೀಟಿ ಹಚ್ಚಿದ್ರಿ ಸರ," ಎಂದಳು. "ಒಂದಽ ಒಂದು ಸಲ ನಾ ಅಳೀಲಾರದ್ದಕ್ಕ ಹಚ್ಚಿದ್ರಿ. ನೋಡ್ರಿ ಏನಾತು."

ಹಾ! ಸಾವಿರ ಶರಗಳ ಮಳೆಗೆ ಅಳುಕದ ಎದೆಗೆ ಅದು ನಾಟಿತು.

ಆತನು ಕೆಂಪು ಚೀಟಿಯ ಪುಸ್ತಕ ತೆಗೆದನು. ಪ್ರತಿಜ್ಞೆ ಪ್ರತಿಜ್ಞೆಯೇ, ಕ್ಯಾಂಟೀನಿನ ತುಂಬ ಸಾಕ್ಷಿಗಳಿದ್ದರು. ತನ್ನ ಗುಂಡು ಅಕ್ಷರಗಳಲ್ಲಿ ಬರೆದನು. "ಮಾಲು: ಕನೆಕ್ಷನ್ ಒಂದು, ಅಡ್ರಿಯನ್ ಮಲ್ಹೋತ್ರಾ. ಮೊದಲು ಪಾಸ್ ಮಾಡಿದವರು: ವೀ. ಬ್ಯಾಹಟ್ಟಿ. ದೋಷದ ಕಾರಣ: ನೋಡಲಿಲ್ಲ. ಸೂಚನೆ: ಯಾರೂ ಆಧಾರ್, ಪಾನ್, ಫೀ ಕಳಿಸಬಾರದು, ಎಲ್ಲರೂ ಕೂಡಲೇ ತೆಗೆದುಹಾಕಬೇಕು." ಕೊನೆಯ ಸಾಲು "ತಪಾಸಣೆ ಮಾಡಿದವರು" ಎಂಬುದು. ಇಪ್ಪತ್ತೆಂಟು ವರ್ಷಗಳಿಂದ ಆ ಸಾಲಿನಲ್ಲಿ ಒಂದೇ ಸಹಿ ಬೀಳುತ್ತಿತ್ತು. ಆತನು ಪುಸ್ತಕವನ್ನು ತಿರುಗಿಸಿ, ಪೆನ್ನನ್ನು ಮಹಾನಂದಾಳ ಕಡೆಗೆ ಚಾಚಿದನು. ಅವಳು ಮೊದಲಿನಿಂದ ಕೊನೆಯವರೆಗೆ ಓದಿ, "ಪಾನ್" ಎಂಬುದರ ಮುಂದೆ "ಬ್ಯಾಂಕ್ ಖಾತೆ" ಎಂದು ಎರಡು ಶಬ್ದ ಸೇರಿಸಿ, ಆಮೇಲೆ ಸಹಿ ಮಾಡಿದಳು.

ಚೀಟಿ ನೋಟೀಸ್ ಬೋರ್ಡಿಗೆ ಹತ್ತಿತು. ಓದಿದ ನದಾಫ "ಸರ, ಇದು ನಿಮ್ಮದಽ ಹೆಸರು ಐತಿ ನೋಡ್ರಿ, ತಪ್ಪಿ ಬರದೀರೇನು?" ಎಂದು ಮೆಲ್ಲಗೆ ಕೇಳಿದನು.

"ಇಲ್ಲಪಾ. ಸರಿಯಾಗೇ ಬರದೀನಿ."

ಇನ್ನು ಶತ್ರುಸಂಹಾರವೊಂದು ಬಾಕಿ. ಹೇ ಸಂಕೇತದೇವಿ, ಈಗ ನಿನ್ನ ನಾಲ್ಕೂ ಕಡ್ಡಿಗಳನ್ನು ಬೆಳಗಿಸು! ವೀರನು ಬಲಗೈಯ ತೋಳು ಮಡಚಿದನು. ಅಡ್ರಿಯನ್ನನ ಹೆಸರಿನ ಮೇಲೆ ಬ್ರಹ್ಮಾಸ್ತ್ರೋಪಮವಾದ ಆ ಹೆಬ್ಬೆರಳು ಎತ್ತರದಿಂದ ಇಳಿಯಿತು. ಏನೂ ಆಗಲಿಲ್ಲ. ಝುಣಕದ ಎಣ್ಣೆ ಇನ್ನೂ ಹೋಗಿರಲಿಲ್ಲ. ಬೆರಳನ್ನು ಪ್ಯಾಂಟಿಗೆ ಒರೆಸಿ ಮತ್ತೊಮ್ಮೆ ಒತ್ತಿದನು. "ಖಚಿತವೇ?" ಎಂದು ಫೋನು ಕೇಳಿತು. "ಹೌದು" ಎಂದು ಒತ್ತಿದನು. ಹಲ್ಲು, ಹೆಲ್ಮೆಟ್ಟು, ಉಲ್ಟಾ ಬಾಣ ಎಲ್ಲವೂ ಹೋದವು. ಶಂಖ ಮೊಳಗಲಿಲ್ಲ, ಪುಷ್ಪವೃಷ್ಟಿಯಾಗಲಿಲ್ಲ. ನಾಲ್ಕರ ಚಹಾದ ಗಂಟೆ ಹೊಡೆಯಿತು, ಅಷ್ಟೇ. ಆ ಮಹಾಯುದ್ಧಕ್ಕೆ ಒಟ್ಟು ಹಿಡಿದದ್ದು ಹನ್ನೊಂದು ಸೆಕೆಂಡು, ಒರೆಸಿಕೊಂಡದ್ದೂ ಸೇರಿ.

ಮಹಾನಂದಾ ಚೀಲದಿಂದ ನವಿಲನ್ನು ತೆಗೆದು ಮತ್ತೆ ಗೋಡೆಗೆ ಅಂಟಿಸುತ್ತಿದ್ದಳು. ವೀರಭದ್ರಪ್ಪ ಉಳಿದವರನ್ನೂ ಒಮ್ಮೆ ನೋಡಿಬಿಡೋಣವೆಂದು ಬಾಕಿ ಇದ್ದ ಕನೆಕ್ಷನ್ ವಿನಂತಿಗಳ ಪಟ್ಟಿಯನ್ನು ಕೆಳಕ್ಕೆ ಎಳೆದನು. ಇನ್ನೂ ಕೆಳಕ್ಕೆ ಎಳೆದನು. ತಳದಲ್ಲಿ, ಎಲ್ಲರಿಗಿಂತ ಕೆಳಗೆ, ಒಂದು ಚಿಕ್ಕ ಚಿತ್ರವಿತ್ತು. ಮಹಾನಂದಾ ಹಡಪದ. ಕಳಿಸಿದ್ದು ಮೂರು ವರ್ಷದ ಹಿಂದೆ.

ಆತನ ಮೋರೆ ಇಷ್ಟೇ ಇಷ್ಟಾಯಿತು. ಎದುರು ಮೇಜು, ಆರು ಅಡಿ ದೂರ. ಹೆಬ್ಬೆರಳು ಆಕ್ಸೆಪ್ಟ್ ಕಡೆಗೆ ಹೋಯಿತು.

ನವಿಲಿನ ಮೂಲೆಗೆ ಟೇಪು ಹಚ್ಚುತ್ತ, ಈ ಕಡೆ ತಿರುಗದೆಯೇ, ಅವಳು ಹೇಳಿದಳು:

"ನೋಡಿ ಒತ್ರಿ ಸರ."

ವೀರಭದ್ರಪ್ಪ ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿ, ಅವಳ ಹೆಸರನ್ನು ಒತ್ತಿ ತೆರೆದು, ಮೊದಲ ಸಾಲಿನಿಂದ ಓದಲು ಕುಳಿತನು.